ಸಾಹುಕಾರರ ಜಂಗು ಹಿಡಿದ ವೆಡ್ಜ್

ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತಾಡಿದವರು, ಸಾಹುಕಾರರು ಜೀವಮಾನದಲ್ಲಿ ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ ಎಂದರು. ಎರಡನೆಯವರು ಅಜಾತಶತ್ರು ಎಂದರು. ಮೂರನೆಯವರು ಮೈಕು ಹಿಡಿಯುವ ಮೊದಲೇ ನಾನು ಎದ್ದು ಹೊರಗೆ ಬಂದೆ. ಚಪ್ಪಲಿ ಹುಡುಕುವಾಗ ಬೇರೆ ಯಾರದೋ ಜೋಡು ಮೆಟ್ಟಿಕೊಂಡೆ. ದುಃಖ ತಡೆಯಲಾರದೆ ಬಂದಿದ್ದಾನೆ ಅಂದುಕೊಂಡು ಯಾರೋ ಹೆಗಲು ಸವರಿದರು. ಅದು ದುಃಖವಾಗಿರಲಿಲ್ಲ, ಸಿಟ್ಟಾಗಿತ್ತು.

ಯಾರ ಬಗ್ಗೆ ಮಾತಾಡುತ್ತಿದ್ದರು ಅವರು? ನಾನು ಕಂಡ ಸಾಹುಕಾರರಿಗೆ ಯಾರನ್ನಾದರೂ ಬೈಯದೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಲಾರಿಯವರನ್ನು ಬೈಯುತ್ತಿದ್ದರು, ಡಾಕ್ಟರರನ್ನು ಬೈಯುತ್ತಿದ್ದರು, ಕರೆಂಟು ಹೋದರೆ ಕಂಬವನ್ನು ಬೈಯುತ್ತಿದ್ದರು. ಅಜಾತಶತ್ರು ಎಂದ ಆ ಮನುಷ್ಯನನ್ನೇ, ಒಣ ಭತ್ತದ ಕೆಳಗೆ ಹಸಿ ಭತ್ತ ತುಂಬಿ ತಂದದ್ದಕ್ಕೆ, ಗಿರಣಿಯ ಗೇಟಿನಿಂದ ರಸ್ತೆಯವರೆಗೆ ಬೈಯುತ್ತಾ ಕಳಿಸಿದ್ದನ್ನು ನಾನು ನೋಡಿದ್ದೇನೆ. ಅವನೂ ಅದನ್ನು ಮರೆತಿರಲಾರ.

ವೇದಿಕೆಯ ಹಿಂದೆ ಕಟ್ಟಿದ ಫ್ಲೆಕ್ಸ್ ಇನ್ನೂ ಕೆಟ್ಟದಾಗಿತ್ತು. ಗಾಲ್ಫ್ ಕೋಲು ಹಿಡಿದು ನಿಂತ ಫೋಟೋ. ಮುಖ ಬೆಳ್ಳಗೆ ಮಾಡಿದ್ದರು. ಹುಬ್ಬುಗಳ ನಡುವಿನ ಗಂಟನ್ನು ಅಳಿಸಿದ್ದರು. ಹೂವಿನ ಚಿತ್ರ ಹಾಕಲು ಜಾಗ ಬೇಕೆಂದು ಫೋಟೋವನ್ನು ಮಗುಚಿದ್ದರಿಂದ ಬಲಗೈಯ ಸಾಹುಕಾರರು ಎಡಗೈಯವರಾಗಿ ನಿಂತಿದ್ದರು. ಇಷ್ಟು ಜನ ಅವರ ಅನ್ನ ಉಂಡವರು, ಯಾರಿಗೂ ಅದು ಕಾಣಲಿಲ್ಲ.

ಅವರು ಮಾನವಿ ತಾಲ್ಲೂಕಿನ ಮಲ್ಲಟದವರು. ರಾಯಚೂರಿನ ಹೊರಗೆ, ಮಾನವಿ ರಸ್ತೆಯಲ್ಲಿ, ಅಕ್ಕಿ ಗಿರಣಿ ಹಾಕಿದ್ದರು. ಮನೆಯೂ ಗಿರಣಿಯ ಕಾಂಪೌಂಡಿನಲ್ಲೇ. ಆ ಕಾಂಪೌಂಡಿಗೆ ಅಂಟಿಕೊಂಡು ನನ್ನ ಮೋಟರ್ ರೀವೈಂಡಿಂಗ್ ಅಂಗಡಿ. ನಾನು ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವನು, ಹೆಚ್ಚು ಮಾತಾಡುವವನಲ್ಲ. ಬೈಸಿಕೊಳ್ಳಲು ಇಂಥವನೇ ಅನುಕೂಲವೆಂದೋ ಏನೋ, ಅವರು ನನ್ನನ್ನು ಜೊತೆಗೆ ಇಟ್ಟುಕೊಂಡರು. ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. 'ಲೇ ರಿಪೇರಿ' ಎನ್ನುತ್ತಿದ್ದರು.

ಗಾಲ್ಫ್ ಅವರಿಗೆ ಸಕ್ಕರೆ ಕಾಯಿಲೆಯಿಂದ ಬಂತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಕೆಲಸವಿಲ್ಲದೆ ನಡೆಯುವುದು ಹುಚ್ಚರ ಲಕ್ಷಣ ಎಂದು ಇವರು ಬೈದು ಬಂದರು. ಆಮೇಲೆ ಹೈದರಾಬಾದಿನಲ್ಲಿ ಅಕ್ಕಿ ಕೊಳ್ಳುವವರೊಬ್ಬರು ಗಾಲ್ಫ್ ಮೈದಾನ ತೋರಿಸಿದರು. ಅಲ್ಲಿ ದೊಡ್ಡ ದೊಡ್ಡವರು ಚೆಂಡಿನ ನೆಪ ಮಾಡಿಕೊಂಡು ಮೈಲಿಗಟ್ಟಲೆ ನಡೆಯುವುದನ್ನು ಕಂಡು, ಇದು ಸರಿ ಎನ್ನಿಸಿ ಒಂದು ಚೀಲ ಕೋಲು ಕೊಂಡು ಬಂದರು. ಗಿರಣಿಯ ಹಿಂದೆ ಲಾರಿ ನಿಲ್ಲುವ ಅಂಗಳದಲ್ಲಿ ಬಣ್ಣದ ಖಾಲಿ ಡಬ್ಬಿಗಳನ್ನು ಹೂಳಿ ಮೂರು ಕುಳಿ ಮಾಡಿದರು. ಗೋಣಿಚೀಲ ಹರಿದು ಬಾವುಟ ಕಟ್ಟಿದರು. ಆಟಕ್ಕೆ ಉಸುಕಿನ ಗುಂಡಿಯೂ ಬೇಕಂತೆ. ಅದಕ್ಕೆ ಭತ್ತದ ಹೊಟ್ಟಿನ ರಾಶಿ ಇತ್ತಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಪಂಚೆ ಮೇಲೆತ್ತಿ ಕಟ್ಟಿ, ಕೋಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು.

ಚೀಲದಲ್ಲಿದ್ದ ಗಿಡ್ಡ ಕೋಲಿಗೆ ವೆಡ್ಜ್ ಎನ್ನುತ್ತಾರೆ. ಅದರ ಮುಖ ಆಕಾಶದ ಕಡೆ ವಾಲಿರುತ್ತದೆ. ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಎತ್ತರಕ್ಕೆ ಹಾರಿಸಿ ಮೆತ್ತಗೆ ಇಳಿಸುವುದು ಅದರ ಕೆಲಸ. ಸಾಹುಕಾರರು ಮೊದಲ ದಿನ ಹೊಡೆದಾಗ ಚೆಂಡು ಎತ್ತರಕ್ಕೆ ಏಳಲೇ ಇಲ್ಲ. ನೆಲಕ್ಕೆ ಸಮನಾಗಿ ಗುಂಡಿನ ಹಾಗೆ ಹೋಗಿ ಗಿರಣಿಯ ಆಫೀಸಿನ ಕಿಟಕಿ ಒಡೆಯಿತು. ಎರಡನೆಯದೂ ಹಾಗೆಯೇ. ಅಂಗಳದ ನೆಲ ಲಾರಿಗಳು ತುಳಿದು ತುಳಿದು ಬಂಡೆಯಾಗಿತ್ತು. ಕೋಲು ಅದಕ್ಕೆ ಬಡಿದ ಕೂಡಲೇ ಪುಟಿಯುತ್ತಿತ್ತು. ಅಲ್ಲೇ ನಿಂತು ಹೈದರಾಬಾದಿನ ಅಂಗಡಿಗೆ ಫೋನು ಹಚ್ಚಿದರು.

"ಏನು ಮಾರೀಯಪ್ಪಾ ನೀನು? ನಿನ್ನ ಬಡಿಗಿ ನೆಲಕ್ಕ ಹೆದರತದ."

ಅಂಗಡಿಯವನು ಏನೋ ವಿವರಿಸಿದ. ಸಾಹುಕಾರರು ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಫೋನು ಇಟ್ಟು ನೇರವಾಗಿ ನನ್ನ ಅಂಗಡಿಗೆ ಬಂದು, ವೆಡ್ಜನ್ನು ಗ್ರೈಂಡರಿನ ಪಕ್ಕ ಇಟ್ಟರು.

ವೆಡ್ಜಿನ ತಳ ಚಪ್ಪಟೆಯಾಗಿರುವುದಿಲ್ಲ. ಮುಂದಿನ ಅಂಚಿನಿಂದ ಹಿಂದಕ್ಕೆ ಹೋದಂತೆ ದೋಣಿಯ ತಳದ ಹಾಗೆ ಕೆಳಗೆ ಉಬ್ಬಿರುತ್ತದೆ. ಆ ಉಬ್ಬಿಗೆ ಬೌನ್ಸ್ ಎಂದು ಹೆಸರು. ಮೆತ್ತನೆಯ ಹುಲ್ಲಿನಲ್ಲಿ, ಉಸುಕಿನಲ್ಲಿ, ಕೋಲು ಹೂತು ಹೋಗದಂತೆ ಅದು ತೇಲಿಸುತ್ತದೆ. ಗಟ್ಟಿ ನೆಲದಲ್ಲಿ ಅದೇ ಉಬ್ಬು ಕೋಲನ್ನು ಪುಟಿಸಿ, ಅಂಚು ಮೇಲೆದ್ದು ಚೆಂಡಿನ ಹೊಟ್ಟೆಗೆ ಬಡಿಯುವ ಹಾಗೆ ಮಾಡುತ್ತದೆ. ಹೈದರಾಬಾದಿನವನು ನೀರುಂಡ ಹುಲ್ಲಿಗೆ ಹೊಂದುವ ಕೋಲನ್ನು ನಮ್ಮ ನೆಲಕ್ಕೆ ಕೊಟ್ಟಿದ್ದ.

ಆ ಬೇಸಿಗೆಯೆಲ್ಲ ನಾವು ಆ ತಳ ತಿಕ್ಕಿದೆವು. ತಳದ ಹಿಂಭಾಗದಲ್ಲಿ ಒಂದಿಷ್ಟು ತೆಗೆಯುವುದು, ಅಂಗಳಕ್ಕೆ ಹೋಗಿ ಹೊಡೆಯುವುದು, ಮತ್ತೆ ಬರುವುದು. ಕೋಲು ತಲೆಗೆ ಸೇರುವ ಹಿಮ್ಮಡಿಯ ಕಡೆ ತುಸು ಹೆಚ್ಚು ತೆಗೆದೆವು, ಮುಖವನ್ನು ಇನ್ನಷ್ಟು ಆಕಾಶಕ್ಕೆ ತೆರೆದು ಹಿಡಿದಾಗಲೂ ಅಂಚು ನೆಲಕ್ಕೆ ಕೂರಲೆಂದು. ಗ್ರೈಂಡರಿನಲ್ಲಿ ಹೆಚ್ಚು ಹೋದೀತೆಂದು ಕೊನೆಕೊನೆಗೆ ಅರದಲ್ಲೇ ಉಜ್ಜಿದೆ. ಉಜ್ಜುವಾಗ ತಲೆಯ ಮೇಲೆ ನಿಂತು ಬೈಯುತ್ತಿದ್ದರು. ಒಂದು ದಿನ ಬೆಳಿಗ್ಗೆ ಕೋಲು ನೆಲವನ್ನು ಸವರಿಕೊಂಡು ಚೆಂಡಿನ ಕೆಳಗೆ ಜಾರಿತು. ಪೊರಕೆಯಿಂದ ಒಮ್ಮೆ ಕಸ ಗುಡಿಸಿದ ಹಾಗೆ ಸರ್ ಎಂದು ಒಂದು ಸದ್ದು. ಚೆಂಡು ಗಿರಣಿಯ ತಗಡಿಗಿಂತ ಎತ್ತರ ಹೋಗಿ ಗೋಣಿ ಬಾವುಟದ ಬುಡದಲ್ಲಿ ಬಿತ್ತು. ಸಾಹುಕಾರರು ಬಾವುಟದವರೆಗೆ ಹೋಗಿ ಚೆಂಡು ನೋಡಿ ಬಂದರು. ನನ್ನ ಕಡೆ ನೋಡಿ, ಚಹಾ ತರಿಸು ಎಂದರು. ಅವರಿಂದ ನಾನು ಪಡೆದ ಹೊಗಳಿಕೆ ಅದೊಂದೇ.

ಹೊಟ್ಟಿನ ರಾಶಿಗೆ ಬೇರೆ ವೆಡ್ಜ್ ತರಿಸಿದರು. ಅದರ ತಳ ಮುಟ್ಟಲು ಬಿಡಲಿಲ್ಲ. ಹೊಟ್ಟಿನಲ್ಲಿ ಆ ಉಬ್ಬೇ ಬೇಕು. ಮುಖ ತೆರೆದು, ಚೆಂಡಿನ ಹಿಂದೆ ಹೊಟ್ಟಿಗೆ ಹೊಡೆಯಬೇಕು. ಹೊಟ್ಟೇ ಚೆಂಡನ್ನು ಎತ್ತಿ ಹೊರಗೆ ಹಾಕುತ್ತದೆ. ಎರಡೂ ಕೋಲಿನ ಮೇಲೆ ಐವತ್ತಾರು ಎಂದೇ ಕೆತ್ತಿತ್ತು, ಮುಖ ವಾಲಿದ ಡಿಗ್ರಿ ಅದು. ಒಂದೇ ಕೋಲನ್ನು ಎರಡು ಯಾಕೆ ಕೊಂಡಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

"ಮಾರಿ ಒಂದೇ, ತಳ ಬ್ಯಾರೆ. ಮಾರಿ ನೋಡಿ ಮೆಚ್ಚಾಕ ಕನ್ಯಾ ನೋಡಾಕ ಬಂದೀಯೇನಲೇ?"

ನನಗೂ ಒಂದು ಹಳೆಯ ಕೋಲು ಕೊಟ್ಟಿದ್ದರು. ಅವರು ಎತ್ತರದ ಆಳು, ನಾನು ಗಿಡ್ಡ. ನನ್ನ ಕೈಯಲ್ಲಿ ಅದರ ಮೂತಿ ಮೇಲಕ್ಕೆದ್ದು, ಚೆಂಡು ಸದಾ ಎಡಕ್ಕೆ, ಪಕ್ಕದ ಹತ್ತಿ ಹೊಲಕ್ಕೆ ಹೋಗುತ್ತಿತ್ತು. ಕೋಲಿನ ಕುತ್ತಿಗೆ ಬಗ್ಗಿಸಿದರೆ ಸರಿಯಾಗುತ್ತದೆ ಎಂದು, ಕಬ್ಬಿಣ ಕಚ್ಚಿ ಹಿಡಿಯುವ ನನ್ನ ವೈಸಿಗೆ ಹಾಕಿ ಬಗ್ಗಿಸಹೋದರು. ಪಟ್ಟೆಂದು ಮುರಿಯಿತು. ಕೋಲನ್ನು ಬೈದರು, ವೈಸನ್ನು ಬೈದರು, ಗಿಡ್ಡನಾಗಿ ಹುಟ್ಟಿದ್ದಕ್ಕೆ ನನ್ನನ್ನು ಬೈದರು. ಮರುವಾರ ನನ್ನ ಅಂಗಡಿಯ ಬಾಗಿಲಿಗೆ ಒಂದು ಹೊಸ ಕೋಲು ಒರಗಿಸಿ ಇಟ್ಟಿತ್ತು. ನನ್ನ ಅಳತೆಯದು.

ಅವರನ್ನು ತಿರುಗಿ ಬೈಯುವ ಶಕ್ತಿ ಇದ್ದದ್ದು ದೇವದುರ್ಗದಲ್ಲಿದ್ದ ಅವರ ಅಕ್ಕ ಒಬ್ಬರಿಗೇ. ಆ ಅಕ್ಕನ ಮಗಳ ಮದುವೆಯಲ್ಲಿ ಸಾಹುಕಾರರು ಮದುಮಗನನ್ನು ನೆಟ್ಟಗೆ ನಿಲ್ಲಿಸಿ, ಜೇಬಿನಿಂದ ಟೇಪು ತೆಗೆದು, ಮಣಿಕಟ್ಟಿನಿಂದ ನೆಲದವರೆಗೆ ಅಳೆದರು. ಕೋಲಿನ ಉದ್ದವನ್ನು ಹಾಗೆಯೇ ನಿರ್ಧರಿಸುವುದು. ಅಳಿಯನಿಗೆ ಅರ್ಧ ಇಂಚು ಗಿಡ್ಡ ಕೋಲು ಬೇಕು ಎಂದು ಹತ್ತು ಜನಕ್ಕೆ ಕೇಳುವ ಹಾಗೆ ಸಾರಿದರು. ಅಕ್ಷತೆಯ ತಟ್ಟೆ ಹಿಡಿದು ಬರುತ್ತಿದ್ದ ಅಕ್ಕ ನಿಂತು, ನೀನೇನು ದರ್ಜಿಯೇನೋ ಎಂದು ಕೇಳಿದರು. ಸಾಹುಕಾರರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ನನಗೆ ಅವರು ಬೈಯುತ್ತಿದ್ದ ಬೈಗುಳ ಒಂದೇ. ನಾನು ಚೆಂಡನ್ನೇ ದಿಟ್ಟಿಸಿ ಹೊಡೆದು ಕೆಡಿಸಿದಾಗೆಲ್ಲ ಅದು ಬರುತ್ತಿತ್ತು.

"ಕಣ್ಣು ಮನ್ಯಾಗಿಟ್ಟು ಬಂದೀಯೇನಲೇ? ನೆಲ ನೋಡಲೇ, ನೆಲ. ಚೆಂಡು ಎಲ್ಲಿಗೂ ಓಡಿ ಹೋಗಾಂಗಿಲ್ಲ."

ತಿಕ್ಕಿದ ವೆಡ್ಜಿನ ತಳದ ಹೊಳಪು ಹೋಗಿ, ಬರಿಯ ಕಬ್ಬಿಣ ಹೊರಬಿದ್ದು, ಮೊದಲ ಮಳೆಗೇ ಜಂಗು ಹಿಡಿಯಿತು. ಮುಖದ ಹೊಳಪನ್ನೂ ಅವರೇ ತೆಗೆಸಿದರು. ನಮ್ಮ ಬಿಸಿಲಿನಲ್ಲಿ ಹೊಳೆಯುವ ಕೋಲು ಕಣ್ಣಿಗೆ ಹೊಡೆಯುತ್ತದೆ ಎಂದರು. ಎಣ್ಣೆ ಒರೆಸಲು ಬಿಡಲಿಲ್ಲ. ಇದರಿಂದ ಪ್ರತಿ ದಸರೆಗೆ ಮನೆಯಲ್ಲಿ ಜಗಳ. ಖಂಡೇಪೂಜೆಯ ದಿನ ಗಿರಣಿಯ ಪಾನಾ, ಸುತ್ತಿಗೆ, ತಕ್ಕಡಿ, ಮಲ್ಲಟದ ಹೊಲದ ನೇಗಿಲ ಕುಳ, ಎಲ್ಲವನ್ನೂ ಬೆಳಗಿ ದೇವರ ಮುಂದೆ ಸಾಲಾಗಿ ಇಡುತ್ತಿದ್ದರು. ಸವೆದ ಕುಳವನ್ನು ಹಬ್ಬಕ್ಕೆ ಮೊದಲೇ ಕಮ್ಮಾರನ ಹತ್ತಿರ ಒಯ್ದು, ಕಬ್ಬಿಣ ತುಂಬಿಸಿ, ಹೊಸದರ ಹಾಗೆ ಮಾಡಿಸಿ ತರುವುದು ಆ ಮನೆತನದ ಪದ್ಧತಿ. ದುಡಿದು ಸವೆದದ್ದನ್ನು ಹಾಗೆಯೇ ಪೂಜೆಗೆ ಇಟ್ಟರೆ ಅದಕ್ಕೆ ಅವಮಾನ ಮಾಡಿದಂತೆ. ಆ ಸಾಲಿನ ಕೊನೆಗೆ ಸಾಹುಕಾರರ ವೆಡ್ಜ್ ಮಾತ್ರ ಜಂಗಿನ ಮೇಲೆಯೇ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಕೂರುತ್ತಿತ್ತು. ಅವರ ಹೆಂಡತಿ, ನಾನು ಅಕ್ಕಾವ್ರು ಎನ್ನುತ್ತಿದ್ದೆ, ಪ್ರತಿ ವರ್ಷ ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಈ ಮುಂಗಾರಿನಲ್ಲಿ ಒಂದು ಬೆಳಿಗ್ಗೆ, ಆಟ ಅರ್ಧಕ್ಕೆ ನಿಲ್ಲಿಸಿ ಡಬ್ಬಿ ಬೋರಲು ಹಾಕಿಕೊಂಡು ಕುಳಿತರು. ವೆಡ್ಜನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡಿದ್ದರು.

"ಲೇ ರಿಪೇರಿ, ನನ್ನ ಹಿಂದ ಈ ಬಡಿಗಿ ನಿನಗ. ಮನ್ಯಾಗ ಹೇಳೀನಿ."

"ನಿಮ್ಮ ಉದ್ದದ ಬಡಿಗಿ ನನಗ ಹ್ಯಾಂಗ ಆಗತದ್ರಿ?" ಎಂದು ನಕ್ಕೆ.

"ಮ್ಯಾಲ ಕತ್ತರಿಸಿಕೋ. ತಳ ಮುಟ್ಟಬ್ಯಾಡ, ಮುಟ್ಟಾಕ ಬಿಡಬ್ಯಾಡ."

ಅಂದು ಅವರ ಎದೆಯಲ್ಲಿ ಏನಾಗುತ್ತಿತ್ತೋ, ಬಾಯಿ ಬಿಡಲಿಲ್ಲ. ಶ್ರಾವಣದಲ್ಲಿ ಭತ್ತ ನೋಡಲೆಂದು ಯಾಪಲದಿನ್ನಿಗೆ ಹೋದವರು ಬರುವಾಗ ಕಾರಿನಲ್ಲೇ ಒರಗಿಬಿಟ್ಟರು. ಎದೆ ಹಿಡಿಯುತ್ತಿದೆ ಎಂದು ಡ್ರೈವರನಿಗೆ ಎರಡು ದಿನದಿಂದ ಹೇಳುತ್ತಿದ್ದರಂತೆ. ಮನೆಯಲ್ಲಿ ಹೇಳಿದರೆ ನಿನ್ನನ್ನು ಕೆಲಸದಿಂದ ತೆಗೆಯುತ್ತೇನೆ ಎಂದೂ ಹೇಳಿದ್ದರಂತೆ. ಇದನ್ನು ಬರೆಯುವಾಗ ನನಗೆ ಮತ್ತೆ ಸಿಟ್ಟು ಬರುತ್ತದೆ. ಚಪ್ಪಲಿ ಬಿಟ್ಟು ಅಂಗಾಲಿನಿಂದ ತುಳಿದು, ನೆಲ ಇಲ್ಲಿ ಗಟ್ಟಿ, ಅಲ್ಲಿ ಮೆತ್ತಗೆ ಎಂದು ಹೇಳುತ್ತಿದ್ದ ಮನುಷ್ಯ. ಎಲ್ಲರ ತಪ್ಪನ್ನೂ ಕೂಗಿ ಹೇಳುತ್ತಿದ್ದವರು, ತಮ್ಮ ನೋವನ್ನು ಒಮ್ಮೆ ಕೂಗಿ ಹೇಳಲಿಲ್ಲ. ಹೇಳಿದ್ದರೆ ಇಂದಿಗೂ ನನ್ನ ಅಂಗಡಿಯ ಮುಂದೆ ನಿಂತು ಬೈಯುತ್ತಿದ್ದರು.

ದೇವದುರ್ಗದ ಅಕ್ಕ ಬಂದಾಗ ಎಲ್ಲರೂ ಅಳುತ್ತಿದ್ದರು. ಆಕೆ ಅಳಲಿಲ್ಲ. ತೀರಿಕೊಂಡ ತಮ್ಮನನ್ನು ಅವರ ಪದ್ಧತಿಯಂತೆ ಕೂರಿಸಿದ್ದಲ್ಲಿಗೆ ನೇರ ಹೋಗಿ ಎದುರಿಗೆ ನಿಂತರು.

"ಊರಿಗೆಲ್ಲ ಬಾಯಿ ಮಾಡತಿದ್ಯಲ್ಲೋ. ಎದಿ ನೋವಂತ ಹೇಳಾಕ ಬಾಯಿ ಬರಲಿಲ್ಲೇನು ನಿನಗ?"

ಯಾರೋ ಆಕೆಯ ಕೈ ಹಿಡಿದು ಸುಮ್ಮನಿರಿಸಿದರು. ಅಂದು ಅಲ್ಲಿ ಸಾಹುಕಾರರ ಜೊತೆ ಮಾತಾಡಿದವರು ಆಕೆ ಒಬ್ಬರೇ. ಉಳಿದವರೆಲ್ಲ ಆಗಲೇ, ಎಂದೂ ಬೈಯದ ಬೇರೆ ಯಾರ ಜೊತೆಗೋ ಮಾತಾಡತೊಡಗಿದ್ದರು.

ವೆಡ್ಜ್ ಅವರ ಮನೆಯಲ್ಲೇ ಇತ್ತು. ಹಬ್ಬದಲ್ಲಿ ಒಂದು ಪೂಜೆ ಆಗಲಿ, ಆಮೇಲೆ ಒಯ್ಯಿರಿ ಎಂದು ಅಕ್ಕಾವ್ರು ಹೇಳಿಕಳಿಸಿದರು. ಸರಿ ಎಂದೆ. ಅಲ್ಲಿಯವರೆಗೆ ದಿನಾ ಒಬ್ಬನೇ ಅಂಗಳಕ್ಕೆ ಹೋಗಿ ನನ್ನ ಗಿಡ್ಡ ಕೋಲಿನಿಂದ ಹೊಡೆದು ಬರುತ್ತಿದ್ದೆ. ಎಷ್ಟು ಕೆಡಿಸಿದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಕಬ್ಬಿಣದ ತುಂಡೊಂದು ಕೈಗೆ ಬಂದರೆ ಸಾಕು ಎನ್ನಿಸುತ್ತಿತ್ತು. ಫೋಟೋ ಕೆಟ್ಟಿತ್ತು, ಮಾತು ಕೆಟ್ಟಿತ್ತು. ಅವರು ಇದ್ದ ಹಾಗೆಯೇ ಉಳಿದದ್ದು ಆ ತಳ ಒಂದೇ.

ಬನ್ನಿ ಕೊಡುವ ಸಂಜೆ ಅವರ ಮಗ ನನ್ನ ಅಂಗಡಿಗೆ ಬಂದ. ಮಾನವಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಚಿಕ್ಕಂದಿನಲ್ಲಿ ಒಂದು ವಾರ ಕೋಲು ಹಿಡಿದು, ಅಪ್ಪನ ಬೈಗುಳ ತಾಳದೆ ಬಿಟ್ಟವನು. ಈ ವರ್ಷ ಅವರ ಮನೆಯಲ್ಲಿ ಪೂಜೆ ಮಾತ್ರ, ಹಬ್ಬದ ಅಡುಗೆ ಇರಲಿಲ್ಲ. ಬನ್ನಿ ಎಲೆ ಕೈಗಿಟ್ಟು ಕಾಲು ಮುಟ್ಟಿದ. ಆಮೇಲೆ ಕಂಕುಳಲ್ಲಿದ್ದ ಹೊಸ ಟವೆಲ್ಲಿನ ಗಂಟು ಬಿಚ್ಚಿದ.

ವೆಡ್ಜ್ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಮಾನವಿ ವರ್ಕ್‌ಶಾಪಿನ್ಯಾಗ ಎದುರು ನಿಂತು ಮಾಡಿಸೀನಿ ಕಾಕಾ. ತಳ ಎಲ್ಲಾ ಸವದು ಹೋಗಿತ್ತು. ವೆಲ್ಡಿಂಗ್ ತುಂಬಿಸಿ, ಆ ಇನ್ನೊಂದು ಬಡಿಗಿ ಅದಲ್ಲ, ಅದರಂಗ ಸಮ ಮಾಡಿಸೀನಿ. ಪಾಲಿಶ್ ಹೊಡಿಸೀನಿ. ಅಪ್ಪ ಇಷ್ಟು ವರ್ಷ ದುಡಿಸಿದ್ದು, ನಿಮಗ ಹಂಗೇ ಹ್ಯಾಂಗ ಕೊಡೂದು?"

ಹೆಬ್ಬೆರಳಿನಿಂದ ತಳ ಸವರಿ ನೋಡಿದೆ. ಒಂದು ಬೇಸಿಗೆಯಿಡೀ ತೆಗೆದದ್ದು ಅಷ್ಟೂ ವಾಪಸು ಬಂದು ಕುಳಿತಿತ್ತು. ಮುಖದ ಮೇಲೆ ಚೆಂಡು ಕಚ್ಚುವ ಗೆರೆಗಳ ಅಂಚು ಕೂಡ ಪಾಲಿಶಿಗೆ ಕರಗಿತ್ತು. ಕೋಲು ಎಸೆದುಬಿಡೋಣ ಎನ್ನಿಸಿತು. ಅವನ ಮುಖ ನೋಡಿದೆ. ಸವೆದ ಕುಳಕ್ಕೆ ಕಬ್ಬಿಣ ತುಂಬಿಸುವ ಹಾಗೆ, ಅಷ್ಟೇ ಭಕ್ತಿಯಿಂದ ಮಾಡಿಸಿದ್ದ. ಛಲೋ ಆಗ್ಯದ ಎಂದುಬಿಡಬಹುದಿತ್ತು. ಆದರೆ ಛಲೋ ಇಲ್ಲದ್ದನ್ನು ಛಲೋ ಎಂದವರ ಸಭೆಯಿಂದಲೇ ನಾನು ಎದ್ದು ಬಂದಿದ್ದೆ.

ಬಾ ಎಂದು ಅವನನ್ನು ಅಂಗಳಕ್ಕೆ ಕರೆದೊಯ್ದೆ. ಚೆಂಡು ಇಟ್ಟು, ಹೊಡಿ ಎಂದೆ. ಕೋಲು ನೆಲಕ್ಕೆ ಬಡಿದು ಪುಟಿಯಿತು. ಚೆಂಡು ನೇರ ಹೋಗಿ ಗಿರಣಿಯ ತಗಡಿಗೆ ಢಣ್ ಎಂದು ಬಡಿಯಿತು. ತನಗೆ ಬರುವುದಿಲ್ಲ, ಎಂದೂ ಬರಲಿಲ್ಲ ಎಂದ. ನಾನು ಕೋಲು ಈಸಿಕೊಂಡು ಹೊಡೆದೆ. ಮತ್ತೆ ಢಣ್.

"ತಪ್ಪು ನಿಂದಲ್ಲ ತಮ್ಮಾ. ಬಡಿಗೀದು," ಎಂದೆ. ಆ ತಳ ತಾನಾಗಿ ಸವೆದದ್ದಲ್ಲ, ಈ ನೆಲಕ್ಕಾಗಿ ಅವರೇ ನಿಂತು ತೆಗೆಸಿದ್ದು ಎಂದು ಹೇಳಿದೆ. ಕೋಲನ್ನು ತಿರುಗಿಸಿ, ಎಲ್ಲಿ ಎಷ್ಟು ಖಾಲಿ ಇತ್ತು ಎಂದು ಬೆರಳಿನಿಂದ ತೋರಿಸಿದೆ. ಅವನು ಬೂಟಿನ ತುದಿಯಿಂದ ನೆಲ ಕೆದರುತ್ತಾ ನಿಂತ. ನೆಲ ಕೆದರಲಿಲ್ಲ.

"ಅಪ್ಪ ಇದ್ದಿದ್ರ ಇವತ್ತು ನನ್ನ ಬಿಡ್ತಿರಲಿಲ್ಲ," ಎಂದ.

"ಬಿಡ್ತಿರಲಿಲ್ಲ."

"ಆ ಸಭಾದಾಗ ಮುಂದಿನ ಕುರ್ಚಿ ಮ್ಯಾಲ ಕುಂತಿದ್ದೆ ಕಾಕಾ. ಯಾರ ಬಗ್ಗೆ ಮಾತಾಡಾಕತ್ತಾರ ಅಂತ ತಿಳೀಲೇ ಇಲ್ಲ." ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡ. "ನೀವು ಬಯ್ಯಿರಿ. ಅಪ್ಪ ಬಯ್ದಂಗ ಬಯ್ಯಿರಿ."

ನಾನು ಜನ್ಮದಲ್ಲಿ ಯಾರನ್ನೂ ಹಾಗೆ ಬೈದವನಲ್ಲ. ಗಂಟಲು ಸರಿಮಾಡಿಕೊಂಡೆ.

"ಕಣ್ಣು ಮನ್ಯಾಗಿಟ್ಟು ಬಂದೀಯೇನಲೇ?" ಎಂದೆ.

"ಅಷ್ಟು ಮೆಲ್ಲಕ ಬಯ್ತಿರಲಿಲ್ರಿ."

"ಕಣ್ಣು ಮನ್ಯಾಗಿಟ್ಟು ಬಂದೀಯೇನಲೇ?" ಈ ಸಲ ಅದು ತಗಡಿಗೆ ಬಡಿದು ವಾಪಸು ಬಂತು. ಸಭೆಯ ದಿನದಿಂದ ಒಳಗೆ ಇಟ್ಟುಕೊಂಡದ್ದೆಲ್ಲ ಅದರ ಹಿಂದೆಯೇ ಬಂತು. ಅವನನ್ನು ಬೈದೆ, ಮಾನವಿಯ ವರ್ಕ್‌ಶಾಪನ್ನು ಬೈದೆ, ಫ್ಲೆಕ್ಸ್ ಮಾಡಿದವರನ್ನು ಬೈದೆ, ಎದೆನೋವು ಮುಚ್ಚಿಟ್ಟವರನ್ನೂ ಬೈದೆ. ಅಡುಗೆಮನೆಯ ಕಿಟಕಿಯ ಬಾಗಿಲು ತೆರೆಯಿತು. ಅಕ್ಕಾವ್ರು ಸರಳು ಹಿಡಿದು ನಿಂತಿದ್ದರು. ನಿಲ್ಲಿಸಿ ಎನ್ನಲಿಲ್ಲ.

ಉಸಿರು ಕಟ್ಟಿ ನಾನು ನಿಂತಾಗ ಅವನು ಇನ್ನೊಂದು ಚೆಂಡು ಇಟ್ಟ. ಇಳಿಬಿಸಿಲಿಗೆ ಹೊಳೆಯುವ ಆ ಕೋಲನ್ನು ಹಿಡಿದು ಬಾಗಿ, ಕಾದ.

"ನೆಲ ನೋಡಲೇ, ನೆಲ," ಎಂದೆ. "ಚೆಂಡು ಎಲ್ಲಿಗೂ ಓಡಿ ಹೋಗಾಂಗಿಲ್ಲ."

ಅವನು ಬೂಟು ಕಳಚಿ ಪಕ್ಕಕ್ಕೆ ಇಟ್ಟು, ಬರಿಗಾಲು ಊರಿ ನಿಂತ.